ಚಾಕಿ ಮನೆಯ ಮರೆವು

“ಉಳ ಎದ್ವಾ?”

ನನ್ನೆದುರು ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ಗಂಡನನ್ನು ಕೇಳಿದಳು. “ಎದ್ದವೆ, ಸುಮ್ಕಿರು,” ಅಂದ ಅವನು. ನಾನು ಅವಳ ತೋಳಿಗೆ ಬಿ.ಪಿ. ಪಟ್ಟಿ ಸುತ್ತಿ, ಗಾಳಿ ತುಂಬಿ, ಇಳಿಸಿ, ಅಂಕಿ ಬರೆದುಕೊಂಡೆ. ಅಷ್ಟರಲ್ಲಿ ಆಕೆ ಮತ್ತೆ ಗಂಡನ ಕಡೆ ತಿರುಗಿ, ಮೊದಲ ಸಲ ಕೇಳುತ್ತಿರುವಷ್ಟೇ ಗಾಬರಿಯಿಂದ, “ಉಳ ಎದ್ವಾ?” ಅಂದಳು.

“ನೋಡಿ ಮೇಡಂ, ಬೆಳಿಗ್ಗಿಂದ ಇದೇ ರಾಗ. ನಂಗೆ ತಲೆ ಕೆಟ್ಟೋಗದೆ.”

“ತಲೆ ಕೆಟ್ಟಿರೋದು ನಿನಗೋ ಅವಳಿಗೋ, ಮೊದಲು ಅದನ್ನ ನೋಡೋಣ ಇರು,” ಅಂದೆ. ನನ್ನ ಬಾಯಿ ಹಾಗೇ. ನಂಜನಗೂಡಿನಲ್ಲಿ ನನ್ನ ಕ್ಲಿನಿಕ್ಕಿಗೆ ಬರುವವರಿಗೆ ಗೊತ್ತು, ಈ ಪುಟ ಓದುವ ನಿಮಗೂ ಗೊತ್ತು.

ಹುಳ ಏಳುವುದು ಅಂದರೇನು ಅಂತ ಪೇಟೆಯವರಿಗೆ ಹೇಳಿಬಿಡುತ್ತೇನೆ. ರೇಷ್ಮೆ ಹುಳ ಬೆಳೆಯುವಾಗ ನಡುನಡುವೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲ್ಲಾಡದೆ ಕೂತು, ಹಳೆಯ ಚರ್ಮ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು. ಎದ್ದ ಮೇಲೆ ತಡ ಮಾಡಬಾರದು. ಇವಳು ಆ ದಿನ ಬೆಳಿಗ್ಗೆ ಜ್ವರದಲ್ಲಿದ್ದ ಹುಳದ ಮೇಲೆ ಸೊಪ್ಪು ಹರಡಿ, ಹರಡಿದ್ದನ್ನು ಮರೆತು ಮತ್ತೆ ಹರಡಿದ್ದಳು. ಆಮೇಲೆ ಮಗಳನ್ನು ಕರೆತರುತ್ತೇನೆ ಅಂತ ಬಸ್ಸು ಹತ್ತಿ, ಟಿ. ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾಕೆ ಬಂದೆ ಅಂತ ತಿಳಿಯದೆ ನಿಂತಿದ್ದಳು. ಮಗಳು ಆ ಹೊತ್ತಿಗೆ ಮನೆಯಲ್ಲೇ ತಿಂಡಿ ತಿನ್ನುತ್ತಿದ್ದಳು.

ಗಂಡನ ಊರು ಮುಡುಕುತೊರೆ ಕಡೆ. ತವರು ನಮ್ಮ ಪಕ್ಕದ ಕಳಲೆ. ಅವಳ ಅಣ್ಣ ನನ್ನ ಹಳೆಯ ಪೇಷಂಟು, ಹಾಗಾಗಿ ಅಷ್ಟು ದೂರದಿಂದ ನನ್ನ ಹತ್ತಿರ ಕರೆತಂದಿದ್ದರು.

ಮರೆವು ಅಂದ ತಕ್ಷಣ ಜನ ಮುದುಕರನ್ನು ನೆನೆಯುತ್ತಾರೆ. ಮೂವತ್ತು ದಾಟಿದ ಗಟ್ಟಿ ಹೆಂಗಸು ಬೆಳಿಗ್ಗೆ ಮರೆತು ಸಂಜೆಗೆ ಸರಿಹೋದರೆ ಅದರ ಲೆಕ್ಕವೇ ಬೇರೆ. ಸಕ್ಕರೆ ಕುಸಿದರೆ ಹೀಗಾಗುತ್ತದೆ. ರಕ್ತದಲ್ಲಿ ಉಪ್ಪಿನಂಶ ಇಳಿದರೂ, ಥೈರಾಯ್ಡ್ ಕೈಕೊಟ್ಟರೂ ಆಗುತ್ತದೆ. ತಲೆಗೆ ಪೆಟ್ಟು ಬಿದ್ದಿರಬಹುದು, ಯಾರೋ ಕೊಟ್ಟ ನಿದ್ರೆ ಮಾತ್ರೆ ನುಂಗಿರಬಹುದು, ಕೈಕಾಲು ಅದುರದೆ ಒಳಗೊಳಗೇ ಬಂದು ಹೋಗುವ ಫಿಟ್ಸ್ ಇರಬಹುದು. ಒಂದೊಂದೇ ಕೇಳಿ ಹೊಡೆದುಹಾಕುತ್ತಾ ಹೋದೆ. ಗಂಡ ಹೊಡೆಯುತ್ತಾನಾ ಅಂತಲೂ ಅವನನ್ನು ಹೊರಗೆ ಕಳಿಸಿ ಕೇಳಿದೆ. ಇಲ್ಲ ಅಂದಳು. ನಂಬಿದೆ, ಯಾಕೆಂದರೆ ಮೈಮೇಲೆ ಗುರುತಿರಲಿಲ್ಲ.

ಬೆಳಿಗ್ಗೆ ತಲೆನೋವು, ವಾಂತಿ ಇತ್ತಂತೆ. ಹುಳದ ಮನೆಯಲ್ಲಿ ಹೊಗೆಯೋ, ಔಷಧಿ ವಾಸನೆಯೋ ಇದೆಯಾ ಅಂತಲೂ ಕೇಳಿದೆ. ಗಂಡ ನಕ್ಕುಬಿಟ್ಟ.

“ಒಗೆಯಾ? ಬೀಡಿ ಸೇದ್ಕಂಡ್ ಬಂದೋನ್ನ ಬಾಗ್ಲತ್ರ ಬುಡಕ್ಕಿಲ್ಲ ನಾವು. ಮೊಕಕ್ಕೆ ಪೌಡ್ರಾಕ್ಕಂಡಿದ್ರೂ ಬುಡಕ್ಕಿಲ್ಲ. ಅಂತಾ ಸೂಕ್ಷ್ಮದ್ ಉಳನೇ ಚೆನ್ನಾಗಿರ್ಬೇಕಾರೆ ಮನ್ಸುರ್ಗೇನಾದದು ಮೇಡಂ?”

ಸರಿಯಾದ ಮಾತು ಅನ್ನಿಸಿತು. ಅದನ್ನೂ ಹೊಡೆದುಹಾಕಿದೆ.

ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ರಕ್ತದಲ್ಲಿ ಆಮ್ಲಜನಕ ಭರ್ತಿ ಇದೆ ಅಂತ ತೋರಿಸಿತು. ಸೋಡಿಯಂ ಸ್ವಲ್ಪ ಇಳಿದಿತ್ತು. ವಾಂತಿಯಿಂದ ಇಳಿದಿದ್ದನ್ನೇ ಕಾಯಿಲೆಯ ಮೂಲ ಅಂದುಕೊಂಡು ಡ್ರಿಪ್ ಹಾಕಿದೆ. ಸಂಜೆ ಹೊತ್ತಿಗೆ ಆಕೆ ಎದ್ದು ಕೂತು ಕಾಫಿ ಕೇಳಿದಳು, ಜಡೆ ಹಾಕಿಕೊಂಡಳು, ಬೆಳಗಿನದು ಒಂದೂ ನೆನಪಿಲ್ಲ ಅಂದಳು. ನಾನು ಒಳಗೊಳಗೇ ಬೀಗಿದೆ.

ಮುಂದಿನ ಬೆಳೆಗೆ ಮತ್ತೆ ಬಂದಳು. ಅದೇ ಪ್ರಶ್ನೆ, ಅದೇ ಗಾಬರಿ. ಈ ಸಲ ಸೋಡಿಯಂ ಸರಿಯಾಗೇ ಇತ್ತು. ಮೈಸೂರಿಗೆ ಕಳಿಸಿ ತಲೆಯ ಸ್ಕ್ಯಾನ್ ಮಾಡಿಸಿದೆ, ಏನೂ ಇಲ್ಲ. ನರರೋಗದ ಡಾಕ್ಟರು ಫೋನಿನಲ್ಲಿ, “ಒಂದೇ ಸಲ ಬಂದು ಒಂದೇ ದಿನದಲ್ಲಿ ಹೋಗುವ ಮರೆವು ಅಂತ ಒಂದಿದೆ. ಆದರೆ ಅದು ಐವತ್ತು ದಾಟಿದವರಿಗೆ, ಇಷ್ಟು ಬೇಗ ಮರುಕಳಿಸುವುದೂ ಅಪರೂಪ. ಫಿಟ್ಸ್ ಅಂದುಕೊಂಡು ಮಾತ್ರೆ ಶುರುಮಾಡಿ ನೋಡಿ,” ಅಂದರು. ಶುರುಮಾಡಿದೆ. ಆ ಮಾತ್ರೆ ನುಂಗಿ ಆಕೆ ಹಗಲೆಲ್ಲ ತೂಕಡಿಸಿದಳು. ಸೊಪ್ಪಿನ ಕುಕ್ಕೆಯ ಮೇಲೇ ಮಲಗಿಬಿಟ್ಟಳಂತೆ. ಮನೆಯಲ್ಲಿ ರಾದ್ಧಾಂತ.

ಅಣ್ಣನಿಗೆ ತಾಳ್ಮೆ ಮುಗಿಯಿತು. ತಂಗಿಯನ್ನು ಕಳಲೆಗೆ ಕರೆತಂದು, ಮದ್ದು ತೆಗೆಯುವವನೊಬ್ಬನ ಹತ್ತಿರ ಕೂರಿಸಿದ. ಊಟದಲ್ಲಿ ಯಾರೋ ಮದ್ದು ಹಾಕಿದ್ದಾರೆ, ಅದು ಹೊಟ್ಟೆಯಲ್ಲಿ ಕೂತು ಬುದ್ಧಿ ಕೆಡಿಸುತ್ತದೆ ಅನ್ನುವ ನಂಬಿಕೆ ನಮ್ಮ ಕಡೆ ಓದಿದವರ ಮನೆಯಲ್ಲೂ ಇದೆ. ಅವನು ಏನೋ ಕುಡಿಸಿ ವಾಂತಿ ಮಾಡಿಸಿದ. ಆಕೆ ತವರಿನಲ್ಲೇ ಉಳಿದಳು. ಒಂದು ದಿನವೂ ಮರೆಯಲಿಲ್ಲ. ನನ್ನ ಮಾತ್ರೆಯನ್ನೂ ನಿಲ್ಲಿಸಿ, ಅಣ್ಣ ಕ್ಲಿನಿಕ್ಕಿಗೆ ಬಂದು ನಿಂತ.

“ನೋಡುದ್ರಾ ಮೇಡಂ? ನಿಮ್ ಸ್ಕ್ಯಾನ್ ಕಂಡಿಡೀನಿಲ್ಲ, ಅವ್ನು ಕಂಡಿಡ್ದ. ನಮ್ಮನೇಲಿ ಚೆನ್ನಾಗವ್ಳೆ. ಅಲ್ಲಿಗೋದ್ರೆ ಇಂಗೆ. ಅವ್ಳತ್ತೆನೇ ಆಕಿರಾದು. ಅಂಗಂತ ಬರ್ಕೊಡಿ, ನಾನು ಸ್ಟೇಷನ್ನಿಗೆ ಓಯ್ತೀನಿ.”

“ನೀನು ಸ್ಟೇಷನ್ನಿಗೆ ಹೋಗೋಕೆ ನನ್ನ ಚೀಟಿ ಯಾಕಪ್ಪ, ಕಾಲಿಲ್ವಾ?” ಅಂದೆ. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ಆಸ್ಪತ್ರೆಯಲ್ಲಿ ಸರಿ, ತವರಲ್ಲಿ ಸರಿ, ಆ ಮನೆಗೆ ಹೋದರೆ ಮರೆವು.

ಅವನು ಬಂದುಹೋದ ಮಾರನೆಯ ವಾರ ಗಂಡನ ಮನೆಯವರೂ ಬಂದರು. ಅವರಿಗೂ ಚೀಟಿ ಬೇಕಿತ್ತು. ಎರಡೂ ಕಡೆಯ ಯಜಮಾನರು ಕೂತು ಈ ಸಂಬಂಧ ಹರಿಯುವ ಮಾತಾಡುವವರಿದ್ದರು. ಆಕೆಗೆ ತಲೆ ಸರಿಯಿಲ್ಲ ಅಂತ ನಾನು ಬರೆದುಕೊಟ್ಟರೆ, ಮಗಳು ಅಪ್ಪನ ಹತ್ತಿರ ಉಳಿಯುತ್ತಾಳೆ. ಎರಡನೇ ಕ್ಲಾಸಿನ ಹುಡುಗಿ. ಅವಳ ತಾಯಿಯೂ ಅಣ್ಣನ ಜೊತೆ ಅದೇ ದಿನ ಬಂದು ಮೂಲೆಯ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಕರೆದಾಗ ಮೊದಲು ಹೇಳಿದ್ದು ಅದೇ.

“ಮೊಗೀನ್ ಕೊಡಕ್ಕಿಲ್ಲ ಅಂತಾವ್ರೆ ಮೇಡಂ. ಮೊಗೀನೇ ಮರ್ತು ಬಸ್‌ಸ್ಟ್ಯಾಂಡಲ್ ನಿಂತೋಳ್ಗೆ ಮೊಗ ಯಾಕೆ ಅಂತಾರೆ. ನಾನೇನ್ ಏಳ್ಳಿ? ಆ ದಿವ್ಸೆಲ್ಲ ಸೊಪ್ಪು ಕಿತ್ತ ಗಿಡ ಇದ್ದಂಗವೆ. ಕಡ್ಡಿ ಕಾಣ್ತದೆ, ಎಲೆನೇ ಇಲ್ಲ.”

ಅತ್ತೆ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಎತ್ತರದ, ಒಣಗಿದ ಹೆಂಗಸು, ಮಂಡಿ ನೋವಿಗೆ ಕೋಲು ಹಿಡಿದಿದ್ದರು.

“ನಾಟ್ಕ ಕಣವ್ವ ಡಾಕ್ಟ್ರಮ್ಮ. ನೀನು ಓದಿರೋಳು, ನಿಂಗ್ ಗೊತ್ತಾಗಕ್ಕಿಲ್ಲ. ಉಳ ದೊಡ್ಡವಾದ್ಮೇಲೆ ಸೊಪ್ಪೊರಕ್ಕೆ ಚೆನ್ನಾಗವ್ಳೆ. ಚಾಕಿ ಟೇಮಲ್ಲೇ ಬತ್ತದೆ ಇವ್ಳ ಕಾಯ್ಲೆ. ಕೆಲ್ಸ್‌ಗಳ್ಳಿ.”

ಚಾಕಿ ಅಂದರೆ ಮೊಟ್ಟೆಯಿಂದ ಆಗತಾನೇ ಹೊರಬಂದ ಎಳೆಹುಳ ಸಾಕುವ ಮೊದಲ ದಿನಗಳು. ನಾನು ಪೆನ್ನು ಕೆಳಗಿಟ್ಟೆ.

“ಚಾಕಿಯಲ್ಲಿ ಇವಳಿಗೆ ಏನು ಕೆಲಸ?”

“ಕಾವು ನೋಡ್ಕಳದು. ಚಳೀಲಿ ಎಳೆ ಉಳ ತಡೆದದಾ?”

“ಕಾವು ಹೇಗೆ ಕೊಡ್ತೀರಿ?”

“ಇನ್ನೆಂಗೆ? ಕರೆಂಟ್ ಈಟ್ರು ಬೆಳಗಾನ ಜಾವ ಎಳೆಯಕ್ಕಿಲ್ಲ. ಬಾಂಡ್ಲೀಲಿ ಇದ್ಲು ಕೆಂಡ ಮಡಗಿ, ಕಿಟಕಿಗೆಲ್ಲ ಪ್ಲಾಸ್ಟಿಕ್ ಒಡ್ದು, ಒಬ್ರು ಒಳಗೇ ಕೂತ್ಕಬೇಕು. ಸುಮ್ಸುಮ್ಕೆ ಬಾಗ್ಲು ತಗದ್ರೆ ಕಾವೋಯ್ತದೆ.”

ಗಂಡ ಮಧ್ಯೆ ಬಾಯಿಹಾಕಿದ. “ಒಗೆ ಇರಕ್ಕಿಲ್ಲ ಮೇಡಂ, ಮೊದ್ಲೇ ಏಳಿದ್ನಲ್ಲ. ಒಗೆಯೆಲ್ಲ ಅಂಗಳದಲ್ಲೇ ಓಗ್ಲಿ ಅಂತ ಕಾಯ್ತೀವಿ. ಕೆಂಡ ನಿಗಿನಿಗಿ ಆದ್ಮೇಲೇ ಒಳಿಕ್ ತಕಂಡೋಗದು. ಒಂದ್ ಉಳನೂ ಸತ್ತಿಲ್ಲ.”

ಒಂದು ಹುಳವೂ ಸಾಯುವುದಿಲ್ಲ. ಹುಳಕ್ಕೆ ನಮ್ಮ ಹಾಗೆ ಕೆಂಪು ರಕ್ತ ಎಲ್ಲಿದೆ? ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ವಿಷಗಾಳಿ ಹುಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್. ಬನ್ನೂರು ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವನ ಥರ, ಅದು ಕೆಂಪು ರಕ್ತದಲ್ಲಿ ಆಮ್ಲಜನಕದ ಸೀಟನ್ನು ಮೊದಲೇ ಹಿಡಿದುಬಿಡುತ್ತದೆ. ಆಮ್ಲಜನಕ ನಿಂತೇ ಇರಬೇಕು. ಮಿದುಳಿನಲ್ಲಿ ಆ ದಿನದ್ದನ್ನು ಆ ದಿನ ಬರೆದಿಡುವ ಸಣ್ಣ ಜಾಗವೊಂದಿದೆ, ಅದು ಈ ಹಸಿವನ್ನು ತಡೆಯುವುದಿಲ್ಲ. ಹೊಗೆ ಹುಳಕ್ಕೆ ಕೆಟ್ಟದ್ದು ಅಂತ ಹೊಗೆ ಹೋಗುವವರೆಗೆ ಕಾದರು. ಉಳಿದದ್ದು ಮನುಷ್ಯರಿಗೆ ಕೆಟ್ಟದ್ದು ಅಂತ ಯಾರಿಗೂ ಹೊಳೆಯಲಿಲ್ಲ. ನನ್ನ ಆಕ್ಸಿಮೀಟರಿಗಂತೂ ಸೀಟು ತುಂಬಿದೆಯಾ ಅನ್ನುವುದಷ್ಟೇ ಗೊತ್ತು, ಕೂತವರು ಯಾರು ಅಂತ ಗೊತ್ತಾಗುವುದಿಲ್ಲ. ಅವರು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ದಾರಿಯ ಗಾಳಿ ರಕ್ತವನ್ನು ಅರ್ಧ ತೊಳೆದಿರುತ್ತಿತ್ತು.

ಇದನ್ನೆಲ್ಲ ಅಲ್ಲೇ ಹೇಳಿದೆ. ಯಾರೂ ನಂಬಲಿಲ್ಲ. ಅಣ್ಣ, “ಅತ್ತೇನ ಉಳಸಕ್ಕೆ ಕತೆ ಕಟ್ಟುದ್ರಿ,” ಅಂದ. ಅತ್ತೆ, “ತಲೆತಲಾಂತ್ರದಿಂದ ಕೆಂಡ ಮಡಗ್ತಾ ಇಲ್ವಾ? ಊರ್ ತುಂಬ ಮಡಗ್ತಾರೆ, ಎಲ್ರೂ ಮರ್ತ್‌ಬುಟ್ಟವ್ರಾ?” ಅಂದರು. ಚೀಟಿ ಇಬ್ಬರಿಗೂ ಕೊಡಲಿಲ್ಲ.

ಆಕೆ ಕಳಲೆಯಲ್ಲೇ ಇರಲಿ, ಮುಂದಿನ ಚಾಕಿಗೆ ನಾನೇ ಬಂದು ಆ ಕೋಣೆ ನೋಡುತ್ತೇನೆ, ಅಲ್ಲಿಯವರೆಗೆ ಯಜಮಾನರು ಕೂರುವುದು ಬೇಡ ಅಂತ ಒಪ್ಪಿಸುವಷ್ಟರಲ್ಲಿ ಸುಸ್ತಾದೆ. ಡಾಕ್ಟರು ಹುಳದ ಮನೆಗೆ ಹೋಗುವುದು ಉಂಟಾ ಅಂತ ನನ್ನ ಮನೆಯಲ್ಲೇ ನಕ್ಕರು. ಆದರೆ ಗಾಳಿ ನನ್ನ ಕ್ಲಿನಿಕ್ಕಿಗೆ ನಡೆದು ಬರುವುದಿಲ್ಲವಲ್ಲ. ಇಲ್ಲಿನ ಕೈಗಾರಿಕಾ ಪ್ರದೇಶದ ಫ್ಯಾಕ್ಟರಿಯೊಂದರಲ್ಲಿ ಸುರಕ್ಷತೆ ನೋಡಿಕೊಳ್ಳುವ ನನ್ನ ಪೇಷಂಟೊಬ್ಬರಿಂದ ಗಾಳಿಯಲ್ಲಿ ಈ ವಿಷ ಅಳೆಯುವ ಮೀಟರ್ ಕಡ ತಂದೆ. ಕಾರಿನ ಡಿಕ್ಕಿಯಲ್ಲಿ ಸಣ್ಣ ಆಮ್ಲಜನಕದ ಸಿಲಿಂಡರ್ ಮಲಗಿಸಿದೆ. ಐಸ್ ತುಂಬಿದ ಫ್ಲಾಸ್ಕು, ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಹಾಕಿದ ಸಿರಿಂಜು ಇಟ್ಟುಕೊಂಡೆ. ಹಿಂದಿನ ದಿನ ಗಂಡನಿಗೆ ಫೋನು ಮಾಡಿ ಹೇಳಿದೆ, “ಕೆಂಡ ಇಡಿ, ಆದರೆ ಒಳಗೆ ಯಾರೂ ಕೂರಬೇಡಿ. ನಾನು ಬರೋ ತನಕ ಒಬ್ಬರೂ ಕೂರಬೇಡಿ.” “ಆಯ್ತು ಮೇಡಂ,” ಅಂದ.

ಧನುರ್ಮಾಸದ ಮಂಜಿನಲ್ಲಿ ಟಿ. ನರಸೀಪುರದ ಸೇತುವೆ ದಾಟುವಾಗ ಕೆಳಗೆ ಹೊಳೆಯೂ ಕಾಣುತ್ತಿರಲಿಲ್ಲ. ಊರು ಸೇರಿದಾಗ ಬೆಳಕು ಹರಿದಿತ್ತು. ಹಿತ್ತಲಿನಲ್ಲಿ ಹುಳದ ಮನೆ, ಬಾಗಿಲಿಗೆ ಸುಣ್ಣದ ಪುಡಿ ಚೆಲ್ಲಿದ ಗೋಣಿಚೀಲ. ಗಂಡ ಅದರ ಮುಂದೆ ಕೈಕಟ್ಟಿ ನಿಂತು ಒದ್ದಾಡುತ್ತಿದ್ದ.

“ಮೇಡಂ, ಉಳ ಜ್ವರಕ್ ಕೂತವೆ. ಅದೂ... ಒಂದ್ಮಾತು. ನಮ್ಮವ್ವ ಕೇಳ್ಬೇಕಾಗಿತ್ತು.”

“ಏನು?”

“ಎಂಗಸ್ರು... ಒರಗಿದ್ರೆ... ಒಳಿಕ್ ಬರಂಗಿಲ್ಲ.”

“ನಂಗೆ ಮುಟ್ಟು ನಿಂತು ವರ್ಷಗಳಾದವು ಕಣಪ್ಪ. ಬಾಗಿಲು ತೆಗಿ. ನಿಮ್ಮವ್ವ ಎಲ್ಲಿ?”

ಅವನು ನೆಲ ನೋಡಿದ. “ಒಳಗವ್ಳೆ. ನಾನ್ ಬ್ಯಾಡ ಅಂದೆ. ಸೊಸೆ ನಾಟ್ಕ ಆಡದ್ನ ತೋರುಸ್ತೀನಿ ಅಂತ ಕೆಂಡ ಮಡಗ್ದಾಗಿಂದ ಒಳಗೇ ಕುಂತವ್ಳೆ.”

ಅವನನ್ನು ಪಕ್ಕಕ್ಕೆ ತಳ್ಳಿ ಬಾಗಿಲು ದೂಡಿದೆ. ಸೊಪ್ಪಿನ ಹಸಿ ವಾಸನೆ, ಹಿತವಾದ ಬಿಸಿ, ಅಷ್ಟೇ. ಮೂಗಿಗೆ ಬೇರೇನೂ ತಿಳಿಯಲಿಲ್ಲ. ನನ್ನ ಕೈಯಲ್ಲಿದ್ದ ಮೀಟರ್ ಮಾತ್ರ ಬಾಯಿ ಬಡಿದುಕೊಳ್ಳಲು ಶುರುಮಾಡಿತು, ಕೆಂಪು ಅಂಕಿ ಏರುತ್ತಲೇ ಹೋಯಿತು. ಸಾಲುತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ತಣ್ಣಗೆ ಕೂತಿದ್ದವು. ಅತ್ತೆ ಗೋಡೆಗೆ ಒರಗಿ, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನೇ ನೋಡಿದರು.

“ಯಾರವ್ವ ನೀನು?”

“ನಾನು ಡಾಕ್ಟ್ರು. ಏಳಿ, ಹೊರಗೆ ಹೋಗೋಣ.”

ಇಬ್ಬರೂ ಹಿಡಿದು ಜಗಲಿಗೆ ಎಳೆತಂದೆವು. ಕಾಲು ಊರುತ್ತಿರಲಿಲ್ಲ. ಮಾಸ್ಕ್ ಹಾಕಿ ಆಮ್ಲಜನಕ ಬಿಟ್ಟೆ, ತೋಳಿನಿಂದ ರಕ್ತ ತೆಗೆದು ಐಸಿಗೆ ಸೇರಿಸಿದೆ. ಮಾಸ್ಕಿನೊಳಗಿಂದ ಮತ್ತೆ, “ಯಾರವ್ವ ನೀನು?” ಅಂದರು. ಡಾಕ್ಟ್ರು ಅಂತ ಮತ್ತೆ ಹೇಳಿದೆ. ವಾಂತಿ ಮಾಡಿಕೊಂಡರು. ಒರೆಸಿದೆ. “ಯಾರವ್ವ ನೀನು? ನಮ್ ಮೊಗಾ ಎಲ್ಲಿ?” ಗಂಡ ಅನ್ನಿಸಿಕೊಂಡವನು ಕಂಬ ಹಿಡಿದು ನಿಂತಿದ್ದ. ಅವನ ಅಮ್ಮ ನಾಲ್ಕನೇ ಸಲವೋ ಐದನೇ ಸಲವೋ ಕೇಳಿದಾಗ, ಅವನ ಮುಖ ಬಿಳಿಚಿಕೊಂಡಿತು. ಅಷ್ಟು ದಿನ ಹೆಂಡತಿಗೆ, “ಸುಮ್ಕಿರು,” ಅಂದವನಿಗೆ ಅಮ್ಮನಿಗೆ ಹಾಗನ್ನಲು ಬಾಯಿ ಬರಲಿಲ್ಲ.

ಮೈಸೂರಿನ ದೊಡ್ಡ ಲ್ಯಾಬಿಗೆ ರಕ್ತ ಒಯ್ದವನು ಅವನೇ, ಬೈಕಿನಲ್ಲಿ. ಬೀಡಿ ಮುಟ್ಟದ ಹೆಂಗಸಿನ ರಕ್ತದಲ್ಲಿ ಇರಲೇಬಾರದಷ್ಟು ಆ ಗಾಳಿ ಇತ್ತು. ಅತ್ತೆಯನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿ ಕೆಲವು ದಿನ ಆಮ್ಲಜನಕ ಕೊಡಿಸಿದೆವು.

ಯಜಮಾನರು ಕೂತ ದಿನ ನನ್ನನ್ನೂ ಕರೆದರು. ನಾನು ವಿವರಿಸಿದ್ದನ್ನು ಅರ್ಧ ಕೇಳಿಸಿಕೊಂಡು ಒಬ್ಬರು, “ಮೀಟ್ರು ಕೂಗ್ತಾ?” ಅಂತ ಗಂಡನನ್ನೇ ಕೇಳಿದರು. “ಕೂಗ್ತು,” ಅಂದ. ಅಷ್ಟಕ್ಕೆ ಮಾತು ಮುಗಿಯಿತು. ಮಗಳು ತಾಯಿಯ ಹತ್ತಿರ ಇರಬಹುದು, ಸಂಬಂಧ ಹರಿಯುವುದು ಬೇಡ, ಇನ್ನು ಮೇಲೆ ಎಳೆಹುಳ ಸಾಕದೆ ಎರಡನೇ ಜ್ವರ ಎದ್ದ ಹುಳವನ್ನೇ ಕೊಂಡು ತರುವುದು ಅಂತಾಯಿತು. ಆಕೆ ಮಗಳ ಕೈ ಹಿಡಿದುಕೊಂಡು ಹೊರಗೆ ಬಂದಾಗ, ಇನ್ನಾದರೂ ನಗುತ್ತಾಳೆ ಅಂದುಕೊಂಡಿದ್ದೆ.

“ಮೀಟ್ರು ಏಳುದ್ರೆ ನಂಬುದ್ರು ಮೇಡಂ,” ಅಂದಳು. “ನಾನ್ ತಲೆನೋವು ಅಂತ ಎಷ್ಟ್ ಸಲ ಏಳಿದ್ದೆ.”

ಗಂಡನ ಮನೆಗೆ ಹೋದಳು. ಹೋಗದೆ ಎಲ್ಲಿಗೆ ಹೋಗುತ್ತಾಳೆ? ಆದರೆ ಈಗಲೂ ಗುರುತಿನವರ ಹೆಸರಿಗೆ ತಡಕಾಡುತ್ತಾಳೆ, ಬಾಯಿಲೆಕ್ಕ ತಪ್ಪುತ್ತಾಳೆ. ಬರುಬರುತ್ತಾ ಸರಿಹೋಗಬಹುದು ಅಂದಿದ್ದೇನೆ. ಬಹುದು ಅಂತಷ್ಟೇ.

ಈ ಗಾಳಿ ಕುಡಿದವರು ಚೇತರಿಸಿಕೊಂಡು, ವಾರಗಳ ಮೇಲೆ ಮತ್ತೆ ಕುಸಿಯುವುದುಂಟು. ಅದಕ್ಕೇ ಅತ್ತೆಯನ್ನು ತಿಂಗಳು ಬಿಟ್ಟು ಬರಹೇಳಿದ್ದೆ. ಬಂದರು. ಮಗನನ್ನು ಹೊರಗೆ ಕೂರಿಸಿ, ತಾವೇ ಬಾಗಿಲು ಹಾಕಿಕೊಂಡರು. ನಡೆಸಿ ನೋಡಿದೆ, ತಿಂಗಳ ಹೆಸರುಗಳನ್ನು ಹಿಂದಿನಿಂದ ಹೇಳಿಸಿದೆ. ಕಾರ್ತಿಕದ ಹತ್ತಿರ ಎಡವಿದರು.

“ಆವತ್ತು ನಾನೇನೇನ್ ಅಂದೆ ಕಣವ್ವ?”

“ಯಾರು ನೀನು ಅಂತ ಕೇಳಿದ್ರಿ. ಮೊಗಾ ಎಲ್ಲಿ ಅಂತ ಕೇಳಿದ್ರಿ. ಮೊಮ್ಮಗಳು ಮನೆಯಲ್ಲೇ ಇದ್ದಾಳೆ ಅಂತ ಹೇಳಿದೆ.”

“ಮೊಮ್ಮಗಳಲ್ಲ.” ಕೋಲನ್ನು ಗೋಡೆಗೆ ಒರಗಿಸಿದರು. “ಇವ್ನಿಗಿಂತ ಮೊದ್ಲೊಂದು ಎಣ್ಮಗ ಇತ್ತು ನಂಗೆ. ಆಗ್ಲೂ ಚಾಕಿನೇ. ನಮ್ಮತ್ತೆ ನನ್ನ ಒಳಗೆ ಕೂರ್ಸಿದ್ರು. ಮೊಗೀಗೆ ವಾಂತಿ ಬೇದಿ. ಮೂರ್ ದಿವ್ಸುಕ್ಕೆ ಓಯ್ತಂತೆ. ಮಣ್ಣು ಮಾಡಿ ಬಂದ್ಮಾರ್ನೆ ದಿನ ನಾನು ಮೊಗಾ ಎಲ್ಲಿ ಅಂತ ಕೇಳುದ್ನಂತೆ. ಊರೋರು ಉಗುದ್ರು. ಕಲ್ಲೆದೆಯೋಳು, ಉಳ ಎಚ್ಚಾಯ್ತು ಮೊಗಿಗಿಂತ ಅಂದ್ರು. ನಂಗೆ ಆ ಮೂರ್ ದಿವ್ಸ ಗ್ಯಾಪಕನೇ ಇಲ್ಲ ಕಣವ್ವ. ಕಲ್ಲೇ ಇರ್ಬೇಕು ನಾನು ಅಂದ್ಕಂಡೇ ಬಂದಿವ್ನಿ.”

ನಾನು ಅವರ ಫೈಲು ಮುಚ್ಚಿದೆ.

“ಸೊಸೆಗೆ ಸರ್ಯಾಗ್ಬೌದು ಅಂದ್ಯಲ್ಲ. ನಂದೂ ವಾಪಸ್ ಬತ್ತದಾ, ಆ ಮೂರ್ ದಿವ್ಸ?”

ಕಳೆದುಹೋದದ್ದು ಎಲ್ಲೋ ಅಡಗಿ ಕೂತಿರುತ್ತದೆ, ಹುಡುಕಿದರೆ ಸಿಗುತ್ತದೆ ಅಂತ ಜನ ತಿಳಿದಿರುತ್ತಾರೆ. ಇಂಥ ಮರೆವಿನಲ್ಲಿ ಹಾಗಲ್ಲ. ಆ ಹೊತ್ತಿನಲ್ಲಿ ಮಿದುಳು ಬರೆದುಕೊಂಡೇ ಇರುವುದಿಲ್ಲ. ಬರೆಯದೆ ಬಿಟ್ಟದ್ದನ್ನು ಓದುವುದು ಹೇಗೆ?

“ಬರಲ್ಲಮ್ಮ,” ಅಂದೆ.

ತಲೆಯಾಡಿಸಿದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

“ಅಂಗಾರೆ ನಾನು ಅತ್ತಿದ್ರೂ ಅತ್ತಿರ್ಬೌದಾ?”

ಅಳೆಯಲು ಮೀಟರಿಲ್ಲದ ಸಂಗತಿ. ಆಧಾರವಿಲ್ಲದೆ ಮಾತಾಡಬಾರದು ಅಂತ ಇಷ್ಟು ವರ್ಷ ಎಲ್ಲರಿಗೂ ಬೈಯುತ್ತಾ ಬಂದವಳು ನಾನು.

“ಅತ್ತಿರ್ತೀರಮ್ಮ.”

ಕೋಲು ತೆಗೆದುಕೊಂಡು ಎದ್ದರು. ಬಾಗಿಲ ಚಿಲಕ ತೆಗೆದು, ಹೊರಗೆ ಹೋಗುವ ಮೊದಲು ನನ್ನ ಕಡೆ ತಿರುಗದೆಯೇ ಹೇಳಿದರು:

“ಉಗುದೋರ್ಗೆ ಏಳ್ಬೇಕಾಗಿತ್ತು. ಅವ್ರ್ ಪೈಕಿ ಒಬ್ರೂ ಉಳ್ದಿಲ್ವಲ್ಲವ್ವ.”